ಹಲ್ಲಿನ ಕ್ಲಿನಿಕ್ಕಿನಲ್ಲಿ ಕ್ರಿಮಿಗಳಿಗೆ ವಾಸದ ಪರವಾನಗಿ

ಇಂದ:
ಅರ್ಜಿದಾರಳು (ನೆಲ ಒರೆಸುವುದು, ಲೋಟ ತೊಳೆಯುವುದು, ಸಲಕರಣೆಗಳನ್ನು ಹಬೆ ಯಂತ್ರಕ್ಕೆ ಇಡುವುದು)

ಗೆ:
ಹಲ್ಲಿನ ಡಾಕ್ಟರಮ್ಮನವರು

ಮೂಲಕ:
ಟೋಕನ್ ಕೊಡುವ ಅಕ್ಕ (ಓದದೆ ತಲುಪಿಸತಕ್ಕದ್ದು)

ವಿಷಯ: ಹೊಸ ಮೀನಿನ ತೊಟ್ಟಿಯಲ್ಲಿ ಕ್ರಿಮಿಗಳು ವಾಸಿಸಲು ಅನುಮತಿ, ಹಾಗೂ ಅರ್ಜಿದಾರಳು ಆರು ದಿನ ಮಾಡಿದ ತಪ್ಪಿಗೆ ಘಟನೋತ್ತರ ಮಂಜೂರಾತಿ ಕೋರಿ.

ಉಲ್ಲೇಖ: 1. ತಮ್ಮ ಮೌಖಿಕ ಆದೇಶ: "ತೊಟ್ಟಿಯ ಸ್ಪಂಜನ್ನ ದಿನಾ ಸಂಜೆ ಹಬೆಗೆ ಹಾಕು."
2. ರೋಗಿಯೊಬ್ಬರ ಮೌಖಿಕ ಟೀಕೆ: "ಡಾಕ್ಟ್ರೇ, ಇದು ನಾವು ಬಾಯಿ ಮುಕ್ಕಳಿಸಿ ಉಗುಳಿದ ನೀರಾ?"

ಮಾನ್ಯರೇ,

1. ಕಾಯುವ ಕೋಣೆಯಲ್ಲಿ ತೊಟ್ಟಿ ಇಟ್ಟ ಮೂರನೇ ದಿನವೇ ನೀರು ಅಕ್ಕಿ ತೊಳೆದ ನೀರಿನಂತಾಯಿತು. ಉಲ್ಲೇಖ 2ರ ಕಾರಣ ತಮಗೆ ಮುಖಭಂಗವಾಗಿ, ಉಲ್ಲೇಖ 1ರ ಆದೇಶ ಹೊರಟಿತು. ಅದರಂತೆ ಅರ್ಜಿದಾರಳು ಹನ್ನೆರಡು ಸಂಜೆ, ನೀರು ಸೋಸುವ ಸ್ಪಂಜನ್ನು ಇಕ್ಕಳಗಳ ಜೊತೆ ಹಬೆಯಲ್ಲಿ ಬೇಯಿಸಿದಳು. ನೀರು ಇನ್ನಷ್ಟು ಬೆಳ್ಳಗಾಯಿತು. ಐದೂ ಮೀನುಗಳು ಮೇಲಕ್ಕೆ ಬಂದು, ತಮ್ಮ ಕುರ್ಚಿಯಲ್ಲಿ ಕೂತ ರೋಗಿಗಳಂತೆ ಬಾಯಿ ತೆರೆದುಕೊಂಡೇ ಇರತೊಡಗಿದವು.

2. ಆದ್ದರಿಂದ ಅರ್ಜಿದಾರಳು ಮೀನಿನಂಗಡಿಗೆ ಹೋಗಿ ಅರ್ಧ ಗಂಟೆ ಸುಮ್ಮನೆ ನಿಂತಳು. ಕೊನೆಗೆ ಅಂಗಡಿಯ ಅಣ್ಣನೇ ಕೇಳಿದ:

"ಏನಮ್ಮ, ಮೀನಿಗೂ ನಿಂಗೂ ಮಾತು ಬರಲ್ವಾ?"

ಅವಳು ಹೇಳಿದಳು. ಅವನು ಹಣೆ ಹಣೆ ಚಚ್ಚಿಕೊಂಡ.

"ಅಯ್ಯೋ, ಸ್ಪಂಜು ಬೇಯಿಸ್ತೀರಾ? ಮೀನಿನ ಹೊಲಸನ್ನ ತಿಂದು ಅರಗಿಸೋ ಕ್ರಿಮಿಗಳು ಅದರಲ್ಲೇ ಅಲ್ವಾ ಬಿಡಾರ ಹೂಡೋದು! ಹೊಸ ತೊಟ್ಟೀಲಿ ಅವು ಒಕ್ಕಲಾಗೋ ತನಕ ನೀರು ಹಾಗೇ ಇರುತ್ತೆ. ನೀವೋ, ಬಂದ ಒಕ್ಕಲನ್ನ ದಿನಾ ಸಂಜೆ ಸುಟ್ಟು ಹಾಕ್ತಿದ್ದೀರ."

"ಹಾಗಾದ್ರೆ ಏನ್ ಮಾಡ್ಬೇಕಣ್ಣ?"

"ಏನೂ ಮಾಡ್ಬೇಡ. ಮೇವು ಕಮ್ಮಿ ಹಾಕು, ಕೈ ಕಟ್ಕೊಂಡು ಕೂರು. ಕೈಲಾಗುತ್ತಾ?"

3. ಕೈಲಾಯಿತು. ಕಳೆದ ಆರು ಸಂಜೆ ಸದರಿ ಸ್ಪಂಜನ್ನು ಬೇಯಿಸಿರುವುದಿಲ್ಲ. ತಾವು ಯಂತ್ರದೊಳಗೆ ಇಣುಕಿ ನೋಡುವ ಅಭ್ಯಾಸವುಳ್ಳವರಾದ ಕಾರಣ, ಬದಲಿಗೆ ಪಾತ್ರೆ ತಿಕ್ಕುವ ಸ್ಪಂಜನ್ನು ಬೇಯಿಸಲಾಗಿದೆ. ಇದರಿಂದ ಕ್ಲಿನಿಕ್ಕಿನ ಟೀ ಲೋಟಗಳು ಹಿಂದೆಂದೂ ಇಲ್ಲದಷ್ಟು ಶುದ್ಧವಾಗಿವೆ ಎಂಬುದನ್ನು ಪರಿಗಣಿಸಬೇಕು.

4. ನೀರು ದಿನದಿಂದ ದಿನಕ್ಕೆ ತಿಳಿಯಾಯಿತು. ಮೀನುಗಳು ಬಾಯಿ ಮುಚ್ಚಿ ಕೆಳಗಿಳಿದವು. ನಿನ್ನೆ ತೊಟ್ಟಿಯ ಆಚೆ ಬದಿಯಿಂದ ಟೋಕನ್ ಅಕ್ಕ ಹಲ್ಲು ಕಿರಿದದ್ದು ಈಚೆ ಬದಿಗೆ ಸ್ಪಷ್ಟವಾಗಿ ಕಂಡಿತು.

5. ಇಲ್ಲಿಗೆ ಮುಗಿದಿದ್ದರೆ ಅರ್ಜಿದಾರಳು ಬಾಯಿ ಬಿಡುತ್ತಿರಲಿಲ್ಲ. ಆದರೆ ತಾವು ನಿನ್ನೆ ತೊಟ್ಟಿಯ ಮುಂದೆ ನಿಂತು, "ನೋಡಿದ್ಯಾ, ನಾನ್ ಹೇಳಿಲ್ವಾ? ಕ್ರಿಮಿ ಸತ್ರೆ ಎಲ್ಲಾ ಸರಿಹೋಗುತ್ತೆ! ಸೋಮವಾರದಿಂದ ಕಲ್ಲು, ಗಿಡ, ಎಲ್ಲಾನೂ ಹಬೆಗೆ ಹಾಕು," ಎಂದು ಅಪ್ಪಣೆ ಮಾಡಿದಿರಿ. ಅರ್ಜಿದಾರಳು ಎಂದಿನಂತೆ ತಲೆಯಾಡಿಸಿದಳು. ಹಾಗೆ ಮಾಡಿದಲ್ಲಿ ನೀರು ಮತ್ತೆ ಕೆಟ್ಟು, ಈ ಸಲ ಮೀನುಗಳು ತಡೆಯಲಾರವು. ಮಾಡದಿರೋಣವೆಂದರೆ, ಅಷ್ಟೂ ಕಲ್ಲುಗಳ ಬದಲಿಗೆ ಬೇಯಿಸಲು ಅವಳ ಬಳಿ ಬೇರೆ ಕಲ್ಲುಗಳಿಲ್ಲ. ಕಾರಣ ಈ ಅರ್ಜಿ.

6. ಕ್ರಿಮಿ ಕಂಡಲ್ಲಿ ಕೊಲ್ಲುವುದು ತಮ್ಮ ವೃತ್ತಿಧರ್ಮವೆಂದು ಅರ್ಜಿದಾರಳು ಬಲ್ಲಳು. ಸದರಿ ಕ್ರಿಮಿಗಳು ಗಾಜಿನ ಗೋಡೆ ದಾಟಿ ಯಾರ ಹಲ್ಲಿಗೂ ಬರುವುದಿಲ್ಲ. ಸಂಬಳ ಕೇಳುವುದಿಲ್ಲ.

ಆದ್ದರಿಂದ ಅವುಗಳಿಗೆ ಖಾಯಂ ವಾಸಕ್ಕೆ ಅನುಮತಿ ನೀಡಿ, ಸೋಮವಾರದ ಆದೇಶವನ್ನು ಹಿಂಪಡೆಯಬೇಕೆಂದು ಪ್ರಾರ್ಥನೆ.

ಆರು ಸಂಜೆಗಳನ್ನು ಹೊರತುಪಡಿಸಿ
ತಮ್ಮ ವಿಶ್ವಾಸಿ,
ಅರ್ಜಿದಾರಳು

ಅಡಕಗಳು:
ಆರು ದಿನಗಳ ನೀರು, ಆರು ಔಷಧಿ ಸೀಸೆಗಳಲ್ಲಿ (ಎಡದಿಂದ ಬಲಕ್ಕೆ ನೋಡುವುದು).
ಪಾತ್ರೆ ತಿಕ್ಕುವ ಸ್ಪಂಜು, ಒಂದು. ಈಗ ಸ್ವಲ್ಪ ಕುಗ್ಗಿದೆ.

ವಿಶೇಷ ಸೂಚನೆ: ಅನುಮತಿ ಇಲ್ಲವೆಂದಾದಲ್ಲಿ, ಐದೂ ಮೀನುಗಳನ್ನು ಸ್ಪಂಜಿನ ಸಮೇತ ಅರ್ಜಿದಾರಳ ಮನೆಗೆ ಕೊಂಡೊಯ್ಯಲು ಇದನ್ನೇ ಎರಡನೇ ಅರ್ಜಿಯೆಂದು ಪರಿಗಣಿಸುವುದು. ಬಕೆಟನ್ನು ಈಗಾಗಲೇ ತಂದು ಬಾಗಿಲ ಹಿಂದೆ ಇಟ್ಟಿರುತ್ತಾಳೆ.