ಕಂಪ್ಯೂಟರ್ ಬರೆದ ಕರಾರುಪತ್ರಗಳು

ಜನಕ್ಕೆ ಹೊಸದನ್ನು ರೂಢಿ ಮಾಡಿಸುವ ಕೆಲಸ ಹಿಡಿದವನು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಬಸ್ಸಿಳಿದು ಬರುತ್ತದೆ.

ತೊಂಬತ್ತರ ದಶಕದ ಕೊನೆ. ಶಿಕಾರಿಪುರದಲ್ಲಿ ಕರಾರುಪತ್ರ ಬರೆದುಕೊಡುವ ಅಂಗಡಿ. ಮಾಲೀಕರು ಕಂಪ್ಯೂಟರ್ ತಂದರು. ಪತ್ರಗಳ ಮಾದರಿ ಅದರೊಳಗೇ ಇತ್ತು. ಹೆಸರು, ಊರು ತುಂಬಿದರೆ ಅಚ್ಚಾಗಿ ಬರುತ್ತಿತ್ತು. ಟೈಪಿಗೆ ಒಬ್ಬ ಹುಡುಗಿ. ಗಿರಾಕಿಗಳಿಗೆ ತಿಳಿಹೇಳಲು ನಾನು. ಓದಿದ್ದು ಮೂರನೇ ಕ್ಲಾಸು. ಹೆಂಡತಿ ತೀರಿಕೊಂಡು ಆರು ತಿಂಗಳಾಗಿತ್ತು. ಮನೆಯಲ್ಲಿ ಕೂರಲು ಆಗುತ್ತಿರಲಿಲ್ಲ. ಅದಕ್ಕೇ ಸೇರಿದ್ದೆ.

ಮಾಲೀಕರು ಮೊದಲೇ ಹೇಳಿದ್ದರು: "ದೀಪಾವಳಿಯೊಳಗೆ ಜನ ಒಗ್ಗಿದ್ರೆ ಸರಿ. ಇಲ್ಲಾಂದ್ರೆ ಮಿಷನ್ನೂ ವಾಪಸ್, ನೀನೂ ಮನೆಗೆ."

ಮನೆಗೆ ಅಂದದ್ದೇ ನನಗೆ ಹೆದರಿಕೆ.

ಅವಸರದ ಮಿಷನ್

ಜಡೆ ಅನ್ನೋ ಊರಿಂದ ಇಬ್ಬರು ಬಂದರು. ಒಬ್ಬ ಎತ್ತಿನ ಗಾಡಿ ಮಾರುವವ, ಇನ್ನೊಬ್ಬ ಕೊಳ್ಳುವವ.

"ಹತ್ತೇ ನಿಮಿಷ, ಕೂತ್ಕೊಳ್ರಿ" ಅಂದೆ.

ಹುಡುಗಿ ಕೇಳಿದಳು: "ನೊಗ ಗಾಡಿ ಜೊತೆಗೋ, ಬೇರೆನೋ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಮಾರುವವ ಅಂದ: "ಅದಿನ್ನೂ ತೀರ್ಮಾನ ಆಗಿಲ್ಲ ಮಾರಾಯ್ತಿ. ಮೊದಲು ಕೈಯಲ್ಲಿ ಬರೆಯೋರು ಮಧ್ಯಾಹ್ನದ ತನಕ ಬರೀತಿದ್ರು. ಅಷ್ಟೊತ್ತಿಗೆ ನಾವು ಹೊರಗೆ ಚಾ ಕುಡಿದು, ಜಗಳಾಡಿ, ಒಂದು ಮಾತಿಗೆ ಬರ್ತಿದ್ವಿ. ನಿಮ್ಮ ಮಿಷನ್ನಿಗೆ ಅವಸರ ಇದ್ರೆ ಅದು ಹೋಗ್ಲಿ. ನಮ್ಮ ಬಸ್ಸು ಐದಕ್ಕೆ."

ಹಾಲು ಕೊಡುವ ಮನೆ

ಒಂದು ದಿನ ಹುಡುಗಿ ಎಮ್ಮೆ ಮಾರಾಟದ ಪತ್ರದ ಮೇಲೇ ಮನೆ ಬಾಡಿಗೆಯ ಪತ್ರ ಮಾಡಿದಳು. ಎಮ್ಮೆ ಇದ್ದ ಕಡೆಯೆಲ್ಲ ಮನೆ ಅಂತ ಹಾಕಿದಳು. ಉಳಿದದ್ದು ಹಾಗೇ ಉಳಿಯಿತು.

ಸಹಿಗೆ ಮುಂಚೆ ಓದಿ ಹೇಳುವುದು ನನ್ನ ಕೆಲಸ. ಅಕ್ಷರ ಕೂಡಿಸಿ ಓದಿದೆ: "ಸದರಿ ಮನೆಯು ಎರಡನೇ ಸೂಲಿನದಾಗಿದ್ದು, ಹೊತ್ತಿಗೆ ಮೂರು ಸೇರು ಹಾಲು ಕೊಡುತ್ತದೆ. ಒದೆಯುವುದಿಲ್ಲ, ಹಾಯುವುದಿಲ್ಲ."

ಮನೆ ಬಾಡಿಗೆಗೆ ಕೊಡುವವರು ಕೆಂಪಾದರು. ಬಾಡಿಗೆಗೆ ಬಂದ ಮೇಷ್ಟ್ರು ಮಾತ್ರ ಕೈ ಅಡ್ಡ ಹಿಡಿದರು.

"ಅಳಿಸಬ್ಯಾಡ್ರೀ. ಬಾಡಿಗೆ ಜಾಸ್ತಿ ಆಯ್ತು ಅಂತ ನಾನೇ ಅಂದ್ಕೊಳ್ತಿದ್ದೆ."

ಬರೆದವರು ಯಾರು?

ದೀಪಾವಳಿಗೆ ಎರಡೇ ದಿನ. ಹೊಸಬಾಳೆಯ ಯಜಮಾನರು ಬಂದರು. ಅವರು ಒಪ್ಪಿದರೆ ಊರೇ ಒಪ್ಪಿದ ಹಾಗೆ. ಪತ್ರ ತಿರುಗಿಸಿ ತಿರುಗಿಸಿ ನೋಡಿದರು.

"ಅಕ್ಷರ ಮುತ್ತಿನಂಗಿದೆ. ಬಿಕ್ಕಲಂ ಎಲ್ಲಿ?"

ಪತ್ರ ಬರೆದವನು ಕೊನೆಯಲ್ಲಿ ಸಹಿ ಹಾಕಬೇಕು. ಅದೇ ಬಿಕ್ಕಲಂ.

"ಬರೆದದ್ದು ಮಿಷನ್ನು, ಯಜಮಾನ್ರೇ" ಅಂದೆ.

"ನಾಳೆ ತಕರಾರು ಬಂದ್ರೆ ಸಾಕ್ಷಿಗೆ ಅದನ್ನ ಹೊತ್ಕೊಂಡು ಹೋಗ್ಲಾ?"

ಮಾಲೀಕರು ತಾವೇ ಪೆನ್ನು ತೆಗೆದರು. "ನೀವು ಕುರ್ಚಿ ಬಿಟ್ಟು ಎದ್ದೇ ಇಲ್ಲ" ಅಂದರು ಯಜಮಾನರು. ಹುಡುಗಿ ಬಂದಳು. "ನೀನು ಗುಂಡಿ ಒತ್ತಿದೆ ತಂಗಿ, ಬರೀಲಿಲ್ಲ."

ಎದ್ದೇಬಿಟ್ಟರು. ಬಾಗಿಲ ಬೆಳಕಿನಲ್ಲಿ ಇನ್ನೊಮ್ಮೆ ಪತ್ರ ನೋಡಿ ನಿಂತರು. ಪ್ರಿಂಟರಿನ ರಿಬ್ಬನ್ ಸವೆದು ಅವರ ಹೆಸರಿನ ಒಂದು ಅಕ್ಷರ ಮಾಸಿತ್ತು. ನಾನು ಪೆನ್ನಿನಲ್ಲಿ ತಿದ್ದಿದ್ದೆ.

"ಇದು ಯಾರದು?"

"ನಂದು."

"ಹಂಗಾದ್ರೆ ಇಲ್ಲಿ ಪೆನ್ನು ಹಿಡಿದು ಬರೆದೋನು ನೀನೊಬ್ಬನೇ. ಹಾಕು ಬಿಕ್ಕಲಂ!"

ಮೂರನೇ ಕ್ಲಾಸಿನ ಸೊಟ್ಟ ಅಕ್ಷರದಲ್ಲಿ ಹಾಕಿದೆ. ಅವರು ಖುಷಿಯಾಗಿ ಹೋದರು. ಹಬ್ಬದ ಮೇಲೆ ಅವರ ಊರಿನವರೆಲ್ಲ ಬಂದರು. ಮಿಷನ್ ಉಳಿಯಿತು, ನಾನೂ ಉಳಿದೆ. ಎಲ್ಲ ಪತ್ರಕ್ಕೂ ನನ್ನದೇ ಬಿಕ್ಕಲಂ. ಹೆಂಡತಿ ಇದ್ದಿದ್ದರೆ ಒಂದು ವಾರ ನಗುತ್ತಿದ್ದಳು.

ಸೊರಬದ ವಕೀಲರೊಬ್ಬರು ಅಂಥ ಒಂದು ಪತ್ರ ಹಿಡಿದು ಬಂದು ಮಾಲೀಕರನ್ನು ಕೇಳಿದರು: "ಏನ್ರೀ, ಇಷ್ಟು ಚೆಂದ ಬರೆದ ಪುಣ್ಯಾತ್ಮ ಸಹಿ ಹಾಕೋ ಹೊತ್ತಿಗೆ ಕುಡಿದು ಬಂದಿದ್ನಾ?"