ಕುಡಿಯದವನ ಮೇದೋಜೀರಕ

ನನ್ನ ಹೊಟ್ಟೆ ನನ್ನನ್ನು ಒಂದು ಕಡೆ ನೆಮ್ಮದಿಯಿಂದ ಕೂರಲು ಬಿಟ್ಟದ್ದೇ ಇಲ್ಲ. ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆ ನನ್ನದು. ಅದು ಕೆರಳಿದಾಗಲೆಲ್ಲ ಏನಾದರೊಂದು ಫಜೀತಿ ಆಗಿಯೇ ತೀರುತ್ತದೆ.

೧. ಹೊಟ್ಟೆಯ ಕಡೆಯವರು

ಬಸ್ಸಿನಲ್ಲಿ ಸೀಟಿದ್ದರೂ ನಾನು ಬಾಗಿಲ ಹತ್ತಿರವೇ ನಿಲ್ಲುತ್ತಿದ್ದೆ. ಒಮ್ಮೆ ಮೆಹದಿಪಟ್ಟಣಂ ಸ್ಟಾಪು ಮುಟ್ಟುವ ಮೊದಲೇ ಹೊಟ್ಟೆ ಹಿಂಡಿತು. ಸಿಗ್ನಲ್‌ನಲ್ಲಿ ಇಳಿದು, ಎದುರಿಗಿದ್ದ ಮದುವೆ ಹಾಲ್‌ಗೆ ನುಗ್ಗಿದೆ. ಬಾಗಿಲಲ್ಲಿದ್ದ ಹಿರಿಯರು ಅಪ್ಪಿಕೊಂಡು, "ಆಯಿಯೇ ಜನಾಬ್, ಇತನೀ ದೇರ್?" ಎಂದು ತಡವಾಗಿ ಬಂದದ್ದಕ್ಕೆ ಆಕ್ಷೇಪಿಸಿದರು, ಅತ್ತರು ಹಚ್ಚಿದರು. "ಬಾಥ್‌ರೂಮ್..." ಎಂದೆ. ತೋರಿಸಿದರು. ಹೊರಗೆ ಬಂದರೆ ಅಲ್ಲೇ ಕಾಯುತ್ತಿದ್ದಾರೆ! ಕೈಹಿಡಿದು ಫೋಟೋಕ್ಕೂ ನಿಲ್ಲಿಸಿದರು. "ಇವರು ಗಂಡಿನ ಕಡೆಯವರಾ, ಹೆಣ್ಣಿನ ಕಡೆಯವರಾ?" ಎಂದು ಯಾರೋ ಕೇಳಿದಾಗ ಹಿರಿಯರೇ ನನ್ನ ಹೊಟ್ಟೆಯತ್ತ ಬೆರಳು ತೋರಿಸಿ ಉತ್ತರ ಕೊಟ್ಟರು: "ಪೇಟ್ ಕೀ ತರಫ್ ಸೇ."

೨. ದೃಷ್ಟಿ

ಕರುಳು ತಣ್ಣಗಾಗಲೆಂದು ಡಾಕ್ಟರು ಹೊಸ ಗುಳಿಗೆ ಕೊಟ್ಟರು. ಕೆಲವು ವಾರಗಳಲ್ಲೇ ಮೇಲುಹೊಟ್ಟೆಯಲ್ಲಿ ನೋವೆದ್ದು ಬೆನ್ನಿಗೆ ಹಾಯಿತು. ಕೂತರೆ ಏಳಬೇಕು, ಎದ್ದರೆ ಬಗ್ಗಬೇಕು. ಲಿಂಗಂಪಲ್ಲಿಯ ಸಣ್ಣ ಮನೆಯಲ್ಲಿ ಗೋಡೆಯಿಂದ ಗೋಡೆಗೆ ತಿರುಗಿದೆ. ಅವ್ವ ಒಂದು ಮುಷ್ಟಿ ಅಜವಾನ, ಅಂದರೆ ಓಮಿನ ಕಾಳು, ತಿನ್ನಿಸಿ, ಉಪ್ಪು ನಿವಾಳಿಸಿದಳು. ವಾಂತಿ ಶುರುವಾಯಿತು.

"ನೋಡು, ದೃಷ್ಟಿ ಹೊರಗ ಬೀಳ್ಲಿಕ್ಕತ್ತದ!" ಎಂದಳು ಅವ್ವ.

"ಅತ್ತೀ, ಅದು ದೃಷ್ಟಿ ಅಲ್ರಿ, ನಿಮ್ಮ ಅಜವಾನ," ಎಂದು ಹೆಂಡತಿ ಆಟೋ ಕರೆದಳು.

೩. ಗೆಳೆಯನ ಕಣ್ಣೀರು

ಆಸ್ಪತ್ರೆಯಲ್ಲಿ ರಕ್ತ ನೋಡಿ, ಜಠರದ ಹಿಂದಿರುವ ಮೇದೋಜೀರಕ ಗ್ರಂಥಿ ಊದಿದೆ ಎಂದರು. ಹೆಚ್ಚಾಗಿ ಕುಡುಕರಿಗೆ ಬರುವ ರೋಗವಂತೆ. ಬಂದವರೆಲ್ಲ "ಎಷ್ಟು ಕುಡಿಯುತ್ತೀರಿ?" ಎನ್ನುವವರೇ. "ಮುಟ್ಟಿಯೇ ಇಲ್ಲ" ಎಂದರೆ ಒಂದು ಥರ ನಗುತ್ತಿದ್ದರು. ನಮ್ಮ ಫ್ಯಾಕ್ಟರಿಯ ಗೆಳೆಯನೊಬ್ಬ, ಅವನು ನಿಜವಾಗಿಯೂ ಕುಡಿಯುವವನು, ನೋಡಲು ಬಂದು ಕಣ್ಣೊರೆಸಿಕೊಂಡ.

"ಇಷ್ಟು ವರ್ಷ ಕೂಡೇ ಕೆಲಸ ಮಾಡಾಕತ್ತೀವಿ. ಒಬ್ಬನಽ ಕುಡದ್ಯಲ್ಲೋ, ಒಂದ್ ಸಲಾನೂ ಕರೀಲಿಲ್ಲ!"

೪. ಖಾಲಿ ಹೊಟ್ಟೆ

ಕಾರಣ ಸಿಗದಿದ್ದರೆ ಮತ್ತೆ ಬರಬಹುದು, ಜೀವಕ್ಕೇ ಕುತ್ತಾಗಬಹುದು ಎಂದಿದ್ದರು. ನನಗೆ ನಿದ್ದೆಯಿಲ್ಲ. ಆಸ್ಪತ್ರೆಯ ಹಿರಿಯ ಡಾಕ್ಟರು ಅವ್ವನನ್ನೇ ಹಿಡಿದರು. ಅವರು ತೆಲುಗಿನವರು, ಅವ್ವನಿಗೂ ಅರೆಬರೆ ತೆಲುಗು ಬರುತ್ತದೆ.

"ಅಮ್ಮಾ, ನಿಜ ಹೇಳಿ. ಮಗ ಏನಾದರೂ ತಗೋತಾನಾ?"

"ದಿನಾ ತೀರ್ಥ ತಗೋತಾನರಿ."

ಹೆಂಡಕ್ಕೆ ತಮಾಷೆಯಾಗಿ ತೀರ್ಥ ಎನ್ನುವುದು ತೆಲುಗಿನಲ್ಲೂ ಉಂಟು. ಡಾಕ್ಟರು ಕುರ್ಚಿ ಎಳೆದುಕೊಂಡರು. "ಯಾವಾಗ?"

"ಮುಂಜಾನೆ. ಖಾಲಿ ಹೊಟ್ಟೀಲೆ. ಮೂರು ಸಲ."

"ಯಾರು ಕೊಡ್ತಾರೆ?"

"ನಾನಽ. ಮೊದಲ ಅವರಪ್ಪ ಕೊಡ್ತಿದ್ರು."

"ಯಾವಾಗಿನಿಂದ?"

"ಸಣ್ಣಾಂವ ಇದ್ದಾಗಿಂದ. ನಮ್ಮ ಮನಿತನದಾಗ ಎಲ್ಲಾರೂ ತಗೋತಾರ್ರಿ, ಹೆಂಗಸರೂ."

ಡಾಕ್ಟರು ಗಂಭೀರವಾಗಿ ಬರೆದುಕೊಂಡರು: ವಂಶಪಾರಂಪರ್ಯ.

ಹೆಂಡತಿ ಓಡಿ ಬಂದು ತುಳಸಿ, ಸಾಲಿಗ್ರಾಮ ಎಲ್ಲ ವಿವರಿಸಿ, ಇವರು ತಗೊಳ್ಳುವುದು ಇಷ್ಟೇ ಎಂದು ನನ್ನ ಗುಳಿಗೆಗಳನ್ನೂ ಅವರ ಮುಂದೆ ಸುರಿದಳು. ಹೊಸ ಗುಳಿಗೆ ಕಂಡದ್ದೇ ಡಾಕ್ಟರ ಮುಖ ಬದಲಾಯಿತು. ಅಪರೂಪಕ್ಕೆ ಕೆಲವರಲ್ಲಿ ಆ ಗುಳಿಗೆಯೇ ಗ್ರಂಥಿಯನ್ನು ಊದಿಸುತ್ತದಂತೆ. ಅಂದೇ ನಿಲ್ಲಿಸಿದರು, ಜನ್ಮದಲ್ಲಿ ಮತ್ತೆ ಮುಟ್ಟಬೇಡಿ ಎಂದರು. ನೋವು ಇಳಿಯಿತು. ಕರುಳಿಗೆ ಬೇರೆ ಔಷಧ ಬಂತು.

ಮನೆಗೆ ಹೊರಡುವ ದಿನ ಅವ್ವ ಪುಟ್ಟ ತಂಬಿಗೆಯಲ್ಲಿ ತೀರ್ಥ ತಂದು ಡಾಕ್ಟರ ಮುಂದೆ ಹಿಡಿದಳು. ಅವರು ಅತ್ತಿತ್ತ ನೋಡಿ, ಮೆಲ್ಲಗೆ ಅಂಗೈ ಚಾಚಿದರು.

"ಒಂದೇ ಸಲ ಹಾಕಮ್ಮಾ. ಡ್ಯೂಟಿಯಲ್ಲಿದ್ದೇನೆ."