ಬೈಯುವುದನ್ನು ಬಿಟ್ಟ ಡಾಕ್ಟರು

ಒಳ್ಳೆಯವರು ರಾಜಕೀಯಕ್ಕೆ ಬರಬೇಕು ಎಂದು ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಹೇಳುವವರಲ್ಲಿ ನಾನೂ ಒಬ್ಬನಾಗಿದ್ದೆ. ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಹೇಳುವ ಮಾತು ಅದು. ಆದರೆ ನಮ್ಮ ಗುಬ್ಬಿಯ ಡಾಕ್ಟರು ಬಂದೇಬಿಟ್ಟರು. ಬಂದದ್ದಷ್ಟೇ ಅಲ್ಲ, ಗೆದ್ದು ಎಂ.ಪಿ. ಆದರು. ದೇಶಕ್ಕೆ ಒಬ್ಬ ಒಳ್ಳೆಯ ಸಂಸದ ಸಿಕ್ಕಿದರು ಎಂದು ಎಲ್ಲರೂ ಹೇಳುತ್ತಾರೆ, ಇರಬಹುದು. ನಮ್ಮ ಮನೆಗಾದ ನಷ್ಟವನ್ನಷ್ಟೇ ನಾನು ಹೇಳಬಲ್ಲೆ, ಅದನ್ನೂ ಪೂರ್ತಿ ನಂಬಬೇಡಿ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ನಡೆದದ್ದು ಯಾವುದು, ಹೇಳುತ್ತ ಹೇಳುತ್ತ ರುಚಿಗೆ ಸೇರಿಸಿದ್ದು ಯಾವುದು ಎಂಬುದು ಈಗ ನನಗೇ ಗೊತ್ತಾಗುವುದಿಲ್ಲ. ನನ್ನ ಹೆಂಡತಿಗೆ ಗೊತ್ತು, ಆದರೆ ಅವಳ ನೆನಪಿನಲ್ಲಿ ನಾನು ಇನ್ನೂ ದಡ್ಡನಾಗಿ ಕಾಣಿಸುತ್ತೇನೆ. ಆದ್ದರಿಂದ ನನ್ನದನ್ನೇ ಕೇಳಿ.

ಡಾಕ್ಟರ ಕೈಗುಣ ದೊಡ್ಡದು ಎಂದು ಊರೇ ಹೇಳುತ್ತಿತ್ತು. ನನ್ನ ಪ್ರಕಾರ ಗುಣ ಇದ್ದದ್ದು ಕೈಯಲ್ಲಲ್ಲ, ಬೈಗುಳದಲ್ಲಿ. ನಿಟ್ಟೂರು, ಸಿ.ಎಸ್. ಪುರದ ಕಡೆಯಿಂದ ಬೈಕಿನ ಹಿಂದೆ ಕೂತು ಬರುತ್ತಿದ್ದವರು ಒಂದು ಸೂಜಿ ಹಾಕಿಸಿಕೊಂಡು, ಚೆನ್ನಾಗಿ ಬೈಸಿಕೊಂಡು, ಅರ್ಧ ವಾಸಿಯಾಗಿ ಹೊರಗೆ ಬರುತ್ತಿದ್ದರು. ಬೈಗುಳದ ಜೋರು ನೋಡಿ ಕಾಯಿಲೆಯ ಜೋರು ತಿಳಿಯುವ ಪದ್ಧತಿ ನಮ್ಮಲ್ಲಿ ತಾನಾಗಿಯೇ ಬೆಳೆದಿತ್ತು. ಗೊಣಗಿದರೆ ನೆಗಡಿ. ಗದರಿದರೆ ಪಥ್ಯ ಮಾಡಬೇಕು. ಮೇಜು ಕುಟ್ಟಿ ಕೂಗಾಡಿದರೆ ಮನೆಯವರನ್ನೆಲ್ಲ ಕರೆಸಬೇಕು. ಏನೂ ಬೈಯದೆ ಕಳಿಸಿದರೆ, ಇವನಿಗೆ ಏನೂ ಆಗಿಲ್ಲ, ಸುಮ್ಮನೆ ಬಂದಿದ್ದಾನೆ ಎಂದರ್ಥ. ಹೊರಗೆ ಕಾಯುತ್ತಿದ್ದವರು ಏನಂದರು ಎಂದು ಕೇಳಿದರೆ ಯಾರೂ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ, ಬೈದದ್ದನ್ನೇ ಒಪ್ಪಿಸುತ್ತಿದ್ದರು.

ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಜೊತೆಗೆ ಒಬ್ಬಟ್ಟೆಂದರೆ ಪ್ರಾಣ. "ಏನಮ್ಮ ಗೌರಮ್ಮ, ಮತ್ತೆ ಒಬ್ಬಟ್ಟು ತಿಂದ್ಯಾ? ತಿನ್ನು, ತಿನ್ನು. ಒಂದಿನ ಕಾಲ್ಬೆರಳು ಕುಯ್ಸಿ ಮನೇಗ್ ಕಳಿಸ್ತೀನಿ" ಎಂದು ಡಾಕ್ಟರು ಗದರಿದರೆ ಅಮ್ಮ ತಲೆ ತಗ್ಗಿಸಿ ಕೂರುತ್ತಿದ್ದಳು. ಆಮೇಲೆ ಮುಂದಿನ ಹಬ್ಬದವರೆಗೂ ಸಿಹಿ ಮುಟ್ಟುತ್ತಿರಲಿಲ್ಲ. ಅದೇ ಮಾತನ್ನು ನಾನು ಹೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ಚುನಾವಣೆ ಬಂದಾಗ ನಾನು ಶಾಲು ಹೊದ್ದು ಅವರ ಹಿಂದೆ ಬೀದಿ ಬೀದಿ ತಿರುಗಿದೆ. ನಮ್ಮ ಮನೆ ಬಾಗಿಲಿಗೆ ಬಂದು ಡಾಕ್ಟರು ಕೈಮುಗಿದಾಗ ಅಮ್ಮ ನೇರವಾಗಿ ಹೇಳಿದಳು: "ನಾನ್ ನಿಮ್ಗೆ ಓಟ್ ಹಾಕಲ್ಲ ಡಾಕ್ಟ್ರೇ. ನೀವ್ ಗೆದ್ರೆ ನನ್ನ ಬೈಯೋರ್ ಯಾರು?" ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ಅವರ ಹಲ್ಲನ್ನು ನಾನು ಮೊದಲು ನೋಡಿದ್ದು ಆವತ್ತೇ ಎಂದು ನನ್ನ ನೆನಪು. ಪ್ರೀತಿಗಾಗಿ ಅವರ ವಿರುದ್ಧ ಓಟು ಹಾಕಿದವಳು ಇಡೀ ಕ್ಷೇತ್ರದಲ್ಲಿ ಅವಳೊಬ್ಬಳೇ ಇರಬೇಕು.

ಅವರು ಗೆದ್ದರು, ಕ್ಲಿನಿಕ್ಕಿನ ಷಟರ್ ಇಳಿಯಿತು. ಅದಾಗಿ ಒಂದೆರಡು ಹಬ್ಬ ಕಳೆಯುವಷ್ಟರಲ್ಲಿ ಹೊಸ ಚಪ್ಪಲಿ ಕಚ್ಚಿ ಅಮ್ಮನ ಕಾಲ್ಬೆರಳಲ್ಲಿ ಗಾಯವಾಯಿತು, ಮಾಯಲಿಲ್ಲ. ತುಮಕೂರಿನ ಆಸ್ಪತ್ರೆಗೆ ಹೋಗೋಣ ಎಂದು ನಾನೂ ಹೆಂಡತಿಯೂ ಬೇಡಿಕೊಂಡೆವು. ಡಾಕ್ಟರು ನೋಡಲಿ, ಬೈದರೆ ಬರುತ್ತೇನೆ ಎಂದು ಅಮ್ಮ ಹಟ ಹಿಡಿದಳು. ಸರಿ, ಎಂ.ಪಿ.ಯವರ ತುಮಕೂರಿನ ಆಫೀಸಿಗೆ ಕರೆದುಕೊಂಡು ಹೋದೆ, ಸಾಹೇಬರು ದಿಲ್ಲಿಯಲ್ಲಿದ್ದರು. ಇನ್ನೊಂದು ಸಲ ಅಲ್ಲೇ ಊರಲ್ಲಿದ್ದರು, ಆದರೆ ವೇದಿಕೆಯ ಮೇಲಿದ್ದರು. ಕೊನೆಗೆ ಕುಣಿಗಲ್ಲಿನಲ್ಲಿ ಯಾರೋ ಮುಖಂಡರ ಮಗಳ ಮದುವೆಗೆ ಬರುತ್ತಾರೆಂದು ಗೊತ್ತಾಯಿತು. ಕುಣಿಗಲ್ ಅವರ ಕ್ಷೇತ್ರವೇ ಅಲ್ಲ, ಆದರೆ ಮದುವೆಗಳಿಗೆ ಗಡಿಯಿಲ್ಲ. ಕರೆಯದ ಮದುವೆಗೆ ತಾಯಿಯ ಕೊಳೆಯುತ್ತಿದ್ದ ಬೆರಳನ್ನು ಹೊತ್ತುಕೊಂಡು ಹೋದೆವು. ದಾರಿಯಲ್ಲಿ ಕೆರೆ ತುಂಬಿ ತುಳುಕುತ್ತಿತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. ಹೆಂಡತಿಯ ಪ್ರಕಾರ ಅದರಲ್ಲಿ ದನ ಮೇಯುತ್ತಿದ್ದವು.

ಛತ್ರದ ಬಾಗಿಲಲ್ಲಿ ಸಿಕ್ಕರು. ಅಮ್ಮ ಚಪ್ಪಲಿ ಬಿಟ್ಟು ಕಾಲು ಮುಂದೆ ಚಾಚಿದಳು. ಡಾಕ್ಟರು ಬಗ್ಗಿದರು. ಒಂದು ಕ್ಷಣ ಅವರ ಹುಬ್ಬು ಹಳೆಯ ಹಾಗೆ ಗಂಟಾಯಿತು. ಈಗ ಬಂತು ಬೈಗುಳ ಎಂದುಕೊಂಡೆ. ಹಿಂದಿನಿಂದ ಯಾರೋ ಫೋಟೋ ಸಾರ್ ಎಂದರು. ಅವರು ನೆಟ್ಟಗಾಗಿ, ಅಮ್ಮನ ಕೈ ಹಿಡಿದು, "ಏನೂ ಯೋಚ್ನೆ ಮಾಡ್ಬೇಡಿ ತಾಯಿ. ತುಮಕೂರಲ್ಲಿ ಒಂದ್ಸಲ ತೋರ್ಸಿ, ನಾನ್ ಹೇಳಿರ್ತೀನಿ" ಎಂದು ನಕ್ಕರು. ನಮಗಿಂತ ಮುಂಚೆ ರೈಲ್ವೆ ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆ ಎಂದವನಿಗೂ ಅದೇ ದನಿಯಲ್ಲಿ ಯೋಚನೆ ಮಾಡಬೇಡಿ ಎಂದಿದ್ದರು.

ಅಮ್ಮನ ಮುಖ ಅರಳಿತು. "ಬೈಲೇ ಇಲ್ವಲ್ಲೋ. ಏನಾರ ಇದ್ದಿದ್ರೆ ಬೈಯ್ದೆ ಬುಡ್ತಿದ್ರಾ?" ಎಂದವಳೇ ಊಟದ ಪಂಕ್ತಿಗೆ ಹೋಗಿ ಕೂತು, ಒಬ್ಬಟ್ಟನ್ನು ಎರಡನೆಯ ಸಲವೂ ಹಾಕಿಸಿಕೊಂಡಳು. ನಾನು ವಾದ ಮಾಡಬಹುದಿತ್ತು. ಆದರೆ ನಾನೂ ಅದೇ ಕ್ಲಿನಿಕ್ಕಿನಲ್ಲಿ ಬೆಳೆದವನು, ಅರ್ಧ ನಂಬಿದೆ. ತುಮಕೂರಿಗೆ ಮುಂದಿನ ವಾರ ಹೋದರಾಯಿತು ಎಂದುಕೊಂಡೆ, ಆಮೇಲೆ ಅದರ ಮುಂದಿನ ವಾರ.

ಜ್ವರ ಬಂದಾಗ ಬೆರಳು ಕಪ್ಪಾಗಿತ್ತು. ತುಮಕೂರಿನ ಸರ್ಜನ್ ಬಹಳ ಮರ್ಯಾದಸ್ಥ ಹುಡುಗ. ಅಮ್ಮನನ್ನು ಆಂಟಿ ಎಂದ, ಒಂದು ಕಟು ಮಾತೂ ಆಡಲಿಲ್ಲ, ಬೆರಳನ್ನು ತೆಗೆದುಹಾಕಿದ. ಪಕ್ಕದ ಬೆರಳನ್ನೂ ಕಾದು ನೋಡಬೇಕು ಎಂದ.

ಸುದ್ದಿ ಕೇಳಿ ಎಂ.ಪಿ.ಯವರು ಹಣ್ಣಿನ ಬುಟ್ಟಿಯೊಂದಿಗೆ ವಾರ್ಡಿಗೆ ಬಂದರು. ಬಾಗಿಲ ತುಂಬ ಕಾರ್ಯಕರ್ತರು, ಎಲ್ಲರ ಕೈಯಲ್ಲೂ ಮೊಬೈಲು. ಅಮ್ಮ ದಿಂಬಿನಿಂದ ತಲೆಯೆತ್ತಿ, "ಒಂದ್ಸಲ ಬೈದ್ಬುಡಿ ಡಾಕ್ಟ್ರೇ. ಉಳ್ದಿರೋ ಬೆರಳಾದ್ರೂ ಉಳೀತವೆ" ಎಂದಳು. ಯಾರೂ ನಗಲಿಲ್ಲ. ಡಾಕ್ಟರು ಬ್ಯಾಂಡೇಜು ನೋಡಿದರು, ಮೊಬೈಲುಗಳನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು. ಅವರ ಕೈಗಳು ತಾವಾಗಿಯೇ ಕೂಡಿಕೊಂಡವು. ಆ ಮನುಷ್ಯನಿಗೆ ಬೈಯಲು ಬರುತ್ತಿಲ್ಲ ಎಂಬುದು ನನಗೆ ಆಗ ಅರ್ಥವಾಯಿತು. ಅಮ್ಮ ಕಾದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

ಆಗ ಅವರು ನನ್ನ ಕಡೆ ತಿರುಗಿದರು. "ಬುದ್ಧಿ ಇದೆಯೇನ್ರೀ ನಿಮ್ಗೆ? ತಾಯಿ ಕಾಲು ಕೊಳೀತಿದ್ರೆ ಮದ್ವೆ ಮನೆ ಸುತ್ತಿಸ್ತಾ ಇದ್ರಾ? ಎತ್ತಾಕ್ಕೊಂಡ್ ಬಂದು ಅಡ್ಮಿಟ್ ಮಾಡಕ್ಕೆ ಯಾರ್ ಪರ್ಮಿಷನ್ ಬೇಕಿತ್ರೀ?" ಹಳೆಯ ದನಿ, ಪೂರ್ತಿ ದನಿ. ಪಕ್ಕದ ಮಂಚದವರು ಎದ್ದು ಕೂತರು. ಡಾಕ್ಟರು ಅಮ್ಮನ ಮಂಚದ ಕಂಬಿಯನ್ನು ಮೇಜಿನ ಹಾಗೆ ಕುಟ್ಟಿದರು. ಅಮ್ಮ ಈ ಕಡೆ ಹೊರಳಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿದ್ದದ್ದು ಮರುಕವಲ್ಲ, ಹೊಟ್ಟೆಕಿಚ್ಚು.

ಅಷ್ಟು ಜನರ ನಡುವೆ ನನ್ನನ್ನೇ ಆರಿಸಿದ್ದು ಯಾಕೆಂದು ಆಮೇಲೆ ಹೊಳೆಯಿತು. ಅಮ್ಮನದು ಅವರು ಇನ್ನೂ ಗೆಲ್ಲಬೇಕಾದ ಓಟು. ಬಾಗಿಲಲ್ಲಿದ್ದವರದು ಯಾವಾಗ ಬೇಕಾದರೂ ಕೈತಪ್ಪುವ ಓಟು. ನನ್ನದು ಎಲ್ಲಿಗೂ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದು ನಿಜ ಕೂಡ. ಮುಂದಿನ ಸಲವೂ ಅವರಿಗೇ ಹಾಕುತ್ತೇನೆ. ಹಾಕುವುದಿಲ್ಲ ಎಂದು ಗೊತ್ತಾದರೆ ನನಗೂ ಕೈಮುಗಿದುಬಿಡುತ್ತಾರೆ.